ಮರಗಟ್ಟಿದ ಬಾಯಲ್ಲಿ ಜಗಿಯಬೇಡ

ಮಗಳೇ, ಬೆಳಿಗ್ಗೆ ದವಡೆ ಹಲ್ಲಿಗೆ ಫಿಲ್ಲಿಂಗ್ ಮಾಡಿಸಿದೆ, ಕಚ್ಚಿದರೆ ಹಲ್ಲು ಎತ್ತರ ಆದ ಹಾಗೆ ಅನಿಸುತ್ತದೆ, ಹಾಳಾಯಿತಾ ಅಂತ ಕೇಳಿದ್ದೀಯಲ್ಲ. ಹೆದರಬೇಡ. ಮೊದಲು ಹೇಳು, ಕೆನ್ನೆ ಮರಗಟ್ಟಿದ್ದು ಬಿಟ್ಟಿತಾ? ಅದು ಬಿಡುವವರೆಗೆ ಒಂದು ತುತ್ತೂ ಜಗಿಯಬೇಡ ಮಾರಾಯ್ತಿ.

ನಿನ್ನ ದೊಡ್ಡಪ್ಪನಿಗೆ ಆದದ್ದು ನೆನಪುಂಟಲ್ಲ? ಕಾಸರಗೋಡು ಪೇಟೆಯಲ್ಲಿ ಇಂಜೆಕ್ಷನ್ ಕೊಟ್ಟು ಫಿಲ್ಲಿಂಗ್ ಮಾಡಿದ್ದರು. ಅಲ್ಲಿಂದ ಸೀದಾ ಮುಳ್ಳೇರಿಯದ ಉಪನಯನಕ್ಕೆ ಬಂದರು, ಪಂಕ್ತಿಯಲ್ಲಿ ಕೂತೇ ಬಿಟ್ಟರು. ಹಲಸಿನ ಹಪ್ಪಳ ಅಂದರೆ ಅವರಿಗೆ ಪ್ರಾಣ. ನಾನು ಮಜ್ಜಿಗೆ ಬಡಿಸುತ್ತಾ ಬಂದೆ. ನೋಡಿದರೆ ಬಾಳೆಲೆಯ ಬಿಳಿ ಅನ್ನದ ಮೇಲೆ ಕೆಂಪು ಹನಿ. ಉಪ್ಪಿನಕಾಯಿ ರಸ ಅಂದುಕೊಂಡೆ. ಅಲ್ಲ, ಕಟವಾಯಿಯಿಂದ ರಕ್ತ ಇಳಿಯುತ್ತಿತ್ತು! ಹಪ್ಪಳದೊಟ್ಟಿಗೆ ಕೆನ್ನೆಯ ಒಳಗನ್ನೂ ಜಗಿದಿದ್ದರು. ನೋವೇ ಗೊತ್ತಿಲ್ಲ ಅವರಿಗೆ. ಗೊತ್ತಾದದ್ದು ಸಂಜೆ. ಆಮೇಲೆ ಹುಣ್ಣಾಗಿ, ಗಂಜಿ ತಿಳಿ ಬಿಟ್ಟರೆ ಬೇರೇನೂ ಗಂಟಲಿಗೆ ಇಳಿಯಲಿಲ್ಲ. ಬಿಸಿ ಚಹಾವೂ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಮರಗಟ್ಟಿದ ಬಾಯಲ್ಲಿ ಜಗಿಯಬೇಡ.

ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹಲ್ಲಿನ ಡಾಕ್ಟರು ಕೊಟ್ಟ ಚೀಟಿಯಲ್ಲಿ ಎಲ್ಲ ಬರೆದಿತ್ತು, ಆದರೆ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವರು ಹೇಗೆ ಓದಬೇಕು? 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು. ಆಗ ಹುಟ್ಟಿದವರು ಈಗ ಅಜ್ಜಂದಿರಾದರು. ಇನ್ನೂ ಅರ್ಜಿ ಫಾರಂ, ಔಷಧದ ಚೀಟಿ ಓದಿಸಲು ಪಕ್ಕದ ಮನೆ ಹುಡುಗನನ್ನು ಕರೆಯಬೇಕು. ಮಂಗಳೂರಿಗೆ ಹೋಗೋಣ ಅಂದರೆ, 2020ರಲ್ಲಿ ಕೊರೋನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ರೋಗಿಗಳನ್ನೂ ತಡೆದರಲ್ಲ. ಅದು ಮರೆಯುವ ಸಂಗತಿಯಾ? ನಮ್ಮ ಕಷ್ಟ ಆಚೆಯವರಿಗೂ ಬೇಡ, ಈಚೆಯವರಿಗೂ ಬೇಡ.

ಹಾಂ, ನೀನು ಕೇಳಿದ್ದು ಹಲ್ಲು ಎತ್ತರ ಆದದ್ದು ಅಲ್ವಾ. ಮರಗಟ್ಟಿದ್ದು ಎರಡು ಮೂರು ಗಂಟೆಯಲ್ಲಿ ಬಿಡುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಆಮೇಲೆ ಮೆಲ್ಲ ಕಚ್ಚಿ ನೋಡು. ಆಗಲೂ ಆ ಹಲ್ಲೇ ಮೊದಲು ತಾಗಿದರೆ ನಾಳೆಯೇ ಹೋಗು. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಸ್ವಲ್ಪ ಉಜ್ಜಿ ಸರಿ ಮಾಡುತ್ತಾರೆ. ತನ್ನಷ್ಟಕ್ಕೆ ಸರಿಯಾಗುತ್ತದೆ ಅಂತ ಸುಮ್ನೆ ಕೂತರೆ ನೋವು ಜಾಸ್ತಿಯಾದೀತು. ತಣ್ಣೀರಿಗೆ ಜುಂ ಅಂದರೆ ಗಾಬರಿ ಬೇಡ, ಒಂದೆರಡು ವಾರದಲ್ಲಿ ಇಳಿಯುತ್ತದೆ. ನಿದ್ದೆ ಕೆಡಿಸುವ ನೋವು ಬಂದರೆ ಮಾತ್ರ ಕಾಯಬೇಡ. ಬಿಳಿ ಫಿಲ್ಲಿಂಗ್ ನೀಲಿ ಬೆಳಕು ಹಿಡಿದಾಗ ಅಲ್ಲೇ ಗಟ್ಟಿಯಾಗುತ್ತದೆ. ಬೆಳ್ಳಿ ಬಣ್ಣದ್ದಾದರೆ 24 ಗಂಟೆ ಆ ಬದಿಯಲ್ಲಿ ಜಗಿಯಬೇಡ. ಮೆತ್ತನೆ ಬ್ರಷ್‌ನಲ್ಲಿ ಎರಡು ಹೊತ್ತು ಉಜ್ಜು. ನಿನ್ನದು ಯಾವ ಬಣ್ಣದ್ದು, ಬಾಯಿ ತೆರೆದು ಕನ್ನಡಿಯಲ್ಲಿ ನೋಡಿ ಹೇಳು.