ಸಹಾಯ ಬೇಕು: ಪೊರೆ ಆಪರೇಷನ್ ಆದ್ಮೇಲೆ ಅಮ್ಮನಿಗೆ ಸಿಲಿಂಡರ್ ಪವರ್ ಬಂದಿದೆ

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಅಮ್ಮನ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿ ಏಳು ವಾರ ಆಯ್ತು. ಬೆಳಕು, ಬಣ್ಣ ಎಲ್ಲಾ ಚೆನ್ನಾಗಿ ಕಾಣುತ್ತದೆ. ಅಕ್ಷರಕ್ಕೆ ಮಾತ್ರ ನೆರಳು. ಗೋಡೆ ಕ್ಯಾಲೆಂಡರಿನಲ್ಲಿ 3 ನೋಡಿ 8 ಅಂತಾರೆ. ತುಳಸಿಕಟ್ಟೆ ದೀಪಕ್ಕೆ ಬಾಲ ಬಂದ ಹಾಗೆ ಕಾಣುತ್ತದಂತೆ. "ಆಪರೇಷನ್ ಮಾಡಿಸ್ಕೊಂಡು ಏನು ಸುಖ ಬಂತು?" ಅಂತ ದಿನಾ ನನಗೆ ಬೈಗುಳ.

ಚೀಟಿಯಲ್ಲಿ ಸಿಲಿಂಡರ್ (ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಎಲ್ಲಾ ದಿಕ್ಕಿನಲ್ಲೂ ಒಂದೇ ಸಮ ಬಾಗಿಲ್ಲದಿದ್ದರೆ ಬರುವ ಪವರ್) -2.25, ಆಕ್ಸಿಸ್ (ಆ ಪವರಿನ ದಿಕ್ಕು, ಡಿಗ್ರಿಯಲ್ಲಿ) 90 ಅಂತಿದೆ. ಮೊದಲು ಬರೀ 0.50 ಇತ್ತು. ಪೊರೆ ಗಟ್ಟಿಯಾಗಿತ್ತು, ಅದಕ್ಕೇ ಕಣ್ಣಿನ ಮೇಲುಗಡೆ ಸುಮಾರು 6 ಮಿ.ಮೀ. ಸೀಳಿ ತೆಗೆದೆವು ಅಂದರು ಡಾಕ್ಟರು. ಹೊಲಿಗೆ ಹಾಕಿಲ್ಲ. ಫೇಕೋ (ಅಲ್ಟ್ರಾಸೌಂಡ್‌ನಿಂದ ಪೊರೆ ಪುಡಿಮಾಡಿ ತೆಗೆಯುವ ವಿಧಾನ) ಆದರೆ ಸೀಳು 3 ಮಿ.ಮೀ. ಒಳಗೇ ಮುಗಿಯುತ್ತದೆ. ಸೀಳು ದೊಡ್ಡದಾದಷ್ಟೂ ಆ ದಿಕ್ಕಿನಲ್ಲಿ ಕಾರ್ನಿಯಾ ಚಪ್ಪಟೆಯಾಗಿ ಸಿಲಿಂಡರ್ ಜಾಸ್ತಿ ಆಗುತ್ತದಂತೆ. ಸರಿ, ಒಪ್ಪೋಣ. ಮೊದಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಈಗ ಕನ್ನಡಕ ಬರೆದುಕೊಟ್ಟಿದ್ದಾರೆ. ಅಂಗಡಿಯಲ್ಲಿ ಟ್ರಯಲ್ ಫ್ರೇಮ್ (ಪವರ್ ಹೊಂದುತ್ತಾ ನೋಡಲು ಹಾಕುವ ಪರೀಕ್ಷೆ ಕನ್ನಡಕ) ಹಾಕಿ ನಡೆಸಿದರೆ "ನೆಲ ಓರೆಯಾಗಿದೆ" ಅಂತ ನನ್ನ ತೋಳು ಬಿಡಲೇ ಇಲ್ಲ. ನಿಮ್ಮ ಮನೆಯಲ್ಲಿ ಇಷ್ಟು ಸಿಲಿಂಡರ್ ಇದ್ದ ಹಿರಿಯರು ಯಾರಾದರೂ ಇದ್ದಾರಾ? ಕನ್ನಡಕಕ್ಕೆ ಹೊಂದಿಕೊಳ್ಳಲು ಎಷ್ಟು ದಿನ ಹಿಡಿಯಿತು? ಬೈಫೋಕಲ್ ಬೇಡ, ದೂರಕ್ಕೊಂದು ಓದಕ್ಕೊಂದು ಮಾಡಿಸೋಣ ಅಂತ ನನ್ನ ಯೋಚನೆ.

ಎಡಗಣ್ಣಿಗೂ ಪೊರೆ ಇದೆ. ಅದನ್ನು ಫೇಕೋದಲ್ಲೇ ಮಾಡಿಸಬೇಕು. ಅದಕ್ಕೂ ಮುಂಚೆ ಮೈಸೂರಿನಲ್ಲಿ ಕಾರ್ನಿಯಾ ಟೊಪೊಗ್ರಫಿ (ಕಾರ್ನಿಯಾದ ಬಾಗು ಅಳೆಯುವ ಪರೀಕ್ಷೆ) ಎಲ್ಲಿ ಮಾಡಿಸಿದಿರಿ, ಟೋರಿಕ್ ಲೆನ್ಸ್ (ಸಿಲಿಂಡರನ್ನೂ ಸರಿಪಡಿಸುವ, ಕಣ್ಣೊಳಗೆ ಹಾಕುವ ಲೆನ್ಸ್) ಹಾಕಿಸಿದವರಿಗೆ ಎಷ್ಟು ಖರ್ಚಾಯ್ತು ತಿಳಿಸಿ. ಬುಧವಾರ ಹೇಗೂ ಮೈಸೂರಿಗೆ ಬರ್ತಿದ್ದೇವೆ.