ಸದರ್ಕ್‌ನ ಜಾರ್ಜ್ ಇನ್: ಒಂದು ಪಾರ್ಶ್ವ ಮಾತ್ರ ಉಳಿದದ್ದೇಕೆ?

ಪ್ರವಾಸಪ್ರಿಯ:
ಲಂಡನ್ನಿನ ಸದರ್ಕ್ ಭಾಗದ ಬರೋ ಹೈಸ್ಟ್ರೀಟ್‌ಗೆ ತಾಗಿದ ಅಂಗಳವೊಂದರಲ್ಲಿರುವ ಜಾರ್ಜ್ ಇನ್ ಹಿಂದೆ ಕುದುರೆ ಸಾರೋಟುಗಳು ಬಂದು ನಿಲ್ಲುತ್ತಿದ್ದ ವಸತಿಗೃಹ. ಅಂಗಳದ ದಕ್ಷಿಣಕ್ಕೆ ಮಾತ್ರ ಮರದ ಮೊಗಸಾಲೆಗಳುಳ್ಳ ಹಳೆಯ ಕಟ್ಟಡವಿದೆ. ಮೊದಲಿನಿಂದಲೂ ಹೀಗೆಯೇ ಇತ್ತೇ? ಅಂಥ ಚಳಿಯ ಊರಿನಲ್ಲಿ ಕೊಠಡಿಗಳ ಮುಂದೆ ತೆರೆದ ಮೊಗಸಾಲೆ ಏಕೆ? ಷೇಕ್ಸ್‌ಪಿಯರನ ನಾಟಕಗಳು ಇದರ ಎದುರಿನಲ್ಲೇ ನಡೆದವೆಂಬುದು ನಿಜವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಹಳೆಗೋಡೆ:
ಕೊನೆಯ ಪ್ರಶ್ನೆಗೆ ಉತ್ತರ ಸುಲಭ. 1676ರ ಬೆಂಕಿಯಲ್ಲಿ ಸದರ್ಕ್‌ನ ಬಹುಭಾಗ ಸುಟ್ಟುಹೋಯಿತು. ಈಗಿನ ಕಟ್ಟಡ ಎದ್ದದ್ದು 1677ರಲ್ಲಿ. ಷೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಇದೇ ಜಾಗದಲ್ಲಿ ಅದಕ್ಕೂ ಮೊದಲೊಂದು ವಸತಿಗೃಹವಿತ್ತು, ಆ ಕಾಲದಲ್ಲಿ ಇಂಥ ಅಂಗಳಗಳಲ್ಲಿ ನಾಟಕವಾಡುವ ರೂಢಿಯೂ ಇತ್ತು. ಆದರೆ ಈಗ ಕಾಣುವ ಮೊಗಸಾಲೆಯನ್ನು ಅವನು ನೋಡಿರಲು ಸಾಧ್ಯವಿಲ್ಲ.

ಅಂಗಳವಾಸಿ:
1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆಯುವವರೆಗೆ ಲಂಡನ್ನಿನ ನಡುಭಾಗದಲ್ಲಿ ಥೇಮ್ಸ್ ದಾಟಲು ಲಂಡನ್ ಸೇತುವೆಯೊಂದೇ ಇದ್ದುದರಿಂದ, ನದಿಯ ದಕ್ಷಿಣದ ಕೆಂಟ್ ಪ್ರಾಂತ್ಯದ ಕಡೆಯಿಂದ ಬರುವವರೆಲ್ಲ ಈ ಬೀದಿಯನ್ನೇ ಹಾದು ಹೋಗಬೇಕಾಗಿತ್ತು. ಹೀಗಾಗಿ ಬೀದಿಬದಿಯ ಜಾಗಕ್ಕೆ ಬೆಲೆ ಹೆಚ್ಚು. ವಸತಿಗೃಹದವರು ಬೀದಿಗೆ ಕಿರಿದಾದ ಬಾಗಿಲನ್ನಷ್ಟೇ ಇಟ್ಟು, ಕಟ್ಟಡವನ್ನು ಉದ್ದನೆಯ ಅಂಗಳದ ಸುತ್ತ ಹಿಂದಕ್ಕೆ ಬೆಳೆಸಿದರು. ಸಾರೋಟು ಒಳಬಂದು ಜನರನ್ನೂ ಸಾಮಾನನ್ನೂ ಇಳಿಸಿದ ಮೇಲೆ, ಮೊಗಸಾಲೆಯ ಮೂಲಕ ಪ್ರತಿಯೊಬ್ಬರೂ ಮತ್ತೊಬ್ಬರ ಕೊಠಡಿಯನ್ನು ಹಾಯದೆ ತಮ್ಮ ಬಾಗಿಲಿಗೆ ತಲುಪುತ್ತಿದ್ದರು. ಒಳಗೆ ಓಣಿ ಬಿಟ್ಟಿದ್ದರೆ ಮೊದಲೇ ಇಕ್ಕಟ್ಟಾದ ಕೊಠಡಿಗಳು ಇನ್ನಷ್ಟು ಕುಗ್ಗುತ್ತಿದ್ದವು. ನಮ್ಮ ತೊಟ್ಟಿಮನೆಯಲ್ಲಿ ತೊಟ್ಟಿಯ ಸುತ್ತಲಿನ ಜಗಲಿ ಮಾಡುವ ಕೆಲಸವೇ ಇದು, ಆದರೆ ಇಲ್ಲಿ ಎರಡು ಮಹಡಿಗಳಲ್ಲಿ. ಚಳಿಯ ವಿಷಯ ನೀವು ಹೇಳಿದಂತೆಯೇ. ಒಂದೆರಡು ರಾತ್ರಿ ತಂಗುವವರ ಸುಖಕ್ಕಿಂತ ಕೊಠಡಿಗಳ ಸಂಖ್ಯೆ ಮುಖ್ಯವಾಗಿತ್ತೆಂದು ನನ್ನ ಊಹೆ.

ಹಳೆಗೋಡೆ:
ಇನ್ನು ಮೊದಲ ಪ್ರಶ್ನೆ. ಮೂಲ ಕಟ್ಟಡ ಅಂಗಳವನ್ನು ಸುತ್ತುವರಿದಿತ್ತು. 1836ರಲ್ಲಿ ಹತ್ತಿರದಲ್ಲೇ ಲಂಡನ್ ಬ್ರಿಡ್ಜ್ ರೈಲು ನಿಲ್ದಾಣ ತೆರೆದು, ಕ್ರಮೇಣ ಸಾರೋಟುಗಳು ನಿಂತವು. ಗ್ರೇಟ್ ನಾರ್ದರ್ನ್ ರೈಲ್ವೆಯು ಈ ಜಾಗವನ್ನು ಸರಕಿನ ಡಿಪೋ ಆಗಿ ಬಳಸಿ, 1889ರಲ್ಲಿ ದಕ್ಷಿಣ ಪಾರ್ಶ್ವವೊಂದನ್ನು ಬಿಟ್ಟು ಮಿಕ್ಕದ್ದನ್ನು ಕೆಡವಿತು. ಕವಿ ಚಾಸರನ ಕಾವ್ಯದ ಯಾತ್ರಿಕರಿಂದ ಹೆಸರಾದ ಪಕ್ಕದ ಟ್ಯಾಬರ್ಡ್ ವಸತಿಗೃಹ ಅದಕ್ಕೂ ಮೊದಲೇ, 1873ರಲ್ಲಿ ಹೋಗಿತ್ತು. 1937ರಲ್ಲಿ ಜಾರ್ಜ್, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸ್ವತ್ತಾಯಿತು. ಮೊಗಸಾಲೆಯುಳ್ಳ ಸಾರೋಟು ವಸತಿಗೃಹವೆಂದು ಲಂಡನ್ನಿನಲ್ಲಿ ಉಳಿದಿರುವುದು ಇದೊಂದೇ. ಕೆಳಗಿನ ಕೊಠಡಿಗಳಲ್ಲಿ ಈಗಲೂ ಪಬ್ ನಡೆಯುತ್ತಿದೆ.