ಕಾರಿನ ಸಾಕೆಟ್ ಸತ್ತಿದೆ, ಫೋನಿನಲ್ಲಿ ನನ್ನ ದನಿ ಅವ್ವನಿಗೆ ಕೇಳುತ್ತಿಲ್ಲ: ಏನು ಮಾಡಲಿ?

ಸೇಡಂ ರಸ್ತೆ ಟೀಚರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮನೆ ಕಲಬುರಗಿ, ಶಾಲೆ ಸೇಡಂನಲ್ಲಿ. ದಿನಾ ಕಾರಿನಲ್ಲೇ ಹೋಗಿ ಬರುತ್ತೇನೆ, ನೂರು ಕಿಲೋಮೀಟರಿಗೂ ಜಾಸ್ತಿ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, 2016ರ ಮಾಡೆಲ್. ಅದರಲ್ಲಿ ಸ್ಟೀರಿಯೊ ಇರಲಿಲ್ಲ. ಹೋದ ವರ್ಷ ಅಂಗಡಿಯಲ್ಲಿ ಒಂದು ಟಚ್ ಸ್ಕ್ರೀನ್ ಹಾಕಿಸಿದೆ. ಆ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಸಾಲು ಹೇಗಿರುತ್ತದೆ ಅಂತ ಓಡಾಡುವವರಿಗೆ ಗೊತ್ತು. ಫೋನ್ ಕೈಯಲ್ಲಿ ಹಿಡಿಯಲೇಬಾರದು ಅಂತ ಬ್ಲೂಟೂತ್ ಇರುವುದನ್ನೇ ಹಾಕಿಸಿದ್ದು.

ಈಗ ತೊಂದರೆ. ಅವ್ವ ಚಿತ್ತಾಪುರದಲ್ಲಿ ಒಬ್ಬಳೇ ಇದ್ದಾಳೆ. ನಾನು ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾಳೆ. ಅವಳ ಮಾತು ನನಗೆ ಚೆನ್ನಾಗಿ ಕೇಳುತ್ತದೆ. ನನ್ನದು ಮಾತ್ರ ಅವಳಿಗೆ ಬಾವಿಯ ಒಳಗಿನಿಂದ ಬಂದ ಹಾಗೆ. "ಏನಂದಿ? ಏನಂದಿ?" ಅಂತ ಕೇಳಿ ಕೇಳಿ ಇಟ್ಟುಬಿಡುತ್ತಾಳೆ, ಆಮೇಲೆ ಗಾಬರಿ ಆಗಿ ಮತ್ತೆ ಮಾಡುತ್ತಾಳೆ.

ಸ್ಕ್ರೀನ್ ಮೇಲಿನ ಮೈಕ್ ಗುರುತು ಒತ್ತಿ ಹೆಸರು ಹೇಳಿದರೂ ಅಷ್ಟೇ. "ಕಾಲ್ ಶರಣು" ಅಂದರೆ ಬೇರೆ ಯಾವುದೋ ಶರಣಪ್ಪನಿಗೆ ಹೋಗುತ್ತದೆ. ಮೂರು ಸಲ ಹೇಳಿ, ಆಗದೆ, ಕೊನೆಗೆ ಫೋನ್ ಕೈಗೆ ತೆಗೆದುಕೊಳ್ಳುವ ಮನಸ್ಸಾಗುತ್ತದೆ. ನನಗೆ ಹೆದರಿಕೆ ಇರುವುದು ಅದಕ್ಕೇ.

ಎಲ್ಲಕ್ಕಿಂತ ದೊಡ್ಡದು ಸಾಕೆಟ್. ನನ್ನ ಮಗನಿಗೆ ಆರು ವರ್ಷ, ದಮ್ಮಿನ ತೊಂದರೆ ಇದೆ. ಹದಿನೈದು ದಿನದ ಹಿಂದೆ ಚಿತ್ತಾಪುರದಿಂದ ವಾಪಸ್ ಬರುವಾಗ ಶಹಾಬಾದ್ ದಾಟಿದ ಮೇಲೆ ಅವನಿಗೆ ಎದೆ ಬಿಗಿಯಿತು. ಗಾಡಿ ಪಕ್ಕಕ್ಕೆ ಹಾಕಿ, 12 ವೋಲ್ಟ್ ಸಾಕೆಟ್‌ಗೆ ಕಾರಿನ ಕರೆಂಟನ್ನು ಮನೆಯ ಕರೆಂಟ್ ಮಾಡುವ ಸಣ್ಣ ಇನ್ವರ್ಟರ್ ಚುಚ್ಚಿ, ಔಷಧವನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಮನೆಯ ನೆಬ್ಯುಲೈಜರ್ ಹಾಕಿದೆ. ಟರ್ ಅಂತ ಒಂದು ಸಲ ಶಬ್ದ ಬಂತು, ಪೂರ್ತಿ ನಿಂತಿತು. ಅದೇ ಸಾಕೆಟ್‌ನಲ್ಲಿ ಫೋನ್ ಚಾರ್ಜರ್ ಹಾಕಿದರೂ ಇಲ್ಲ. ಫೋನಿನಲ್ಲಿ ನಾಲ್ಕು ಪರ್ಸೆಂಟ್ ಇತ್ತು. ಕಲಬುರಗಿ ಆಸ್ಪತ್ರೆ ಮುಟ್ಟುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಮಗ ಈಗ ಆರಾಮ ಇದ್ದಾನೆ. ಸಾಕೆಟ್ ಇನ್ನೂ ಸತ್ತೇ ಇದೆ.

ಇದು ಯಾಕೆ ಹೀಗಾಯಿತು? ಪೂರ್ತಿ ವೈರಿಂಗ್ ಬದಲಿಸಬೇಕಾ? ಒಬ್ಬರು ಹಾಗೇ ಹೇಳಿ ದೊಡ್ಡ ಮೊತ್ತ ಕೇಳಿದರು.

---

ವೈರಿಂಗ್ ಕಾಕಾ, ಕಲಬುರಗಿ

ಅಕ್ಕೋರೆ, ಮೊದಲು ಮಗು ಆರಾಮ ಇದೆಯಲ್ಲ, ಅಷ್ಟು ಸಾಕು. ವೈರಿಂಗ್ ಬದಲಿಸಬೇಡಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ್ದು ಕೇಳಿದರೆ ಹೋಗಿರುವುದು ಫ್ಯೂಸ್ ಒಂದೇ ಅನ್ನಿಸುತ್ತದೆ.

ಲೆಕ್ಕ ನೋಡಿ. ಬಹಳ ಸಣ್ಣ ಕಾರುಗಳಲ್ಲಿ ಆ ಸಾಕೆಟ್ 120 ವ್ಯಾಟ್‌ನದು. ಅಂದರೆ 12 ವೋಲ್ಟ್, 10 ಆಂಪ್. ನಿಮ್ಮ ನೆಬ್ಯುಲೈಜರ್ ತಳದ ಚೀಟಿ ಓದಿ, 150ರ ಆಸುಪಾಸು ಬರೆದಿದ್ದರೆ 12ರಿಂದ ಭಾಗಿಸಿ. ಹನ್ನೆರಡೂವರೆ ಆಂಪ್ ಆಯಿತು. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. ಜೊತೆಗೆ ಒಳಗಿರುವುದು ಮೋಟಾರು, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ ಎಳೆಯುತ್ತದೆ. ನೀವು ಕೇಳಿದ ಆ "ಟರ್" ಅದೇ. ಕರೆಂಟ್ ಮಿತಿ ಮೀರಿದರೆ ತಾನು ಸುಟ್ಟು ವೈರ್ ಉಳಿಸುವುದೇ ಫ್ಯೂಸ್ ಕೆಲಸ, ಅದನ್ನೇ ಮಾಡಿದೆ.

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದರ ಒಳಗೆ ಫ್ಯೂಸ್ ಸಾಲು. ಯಾವುದು ಯಾವುದಕ್ಕೆ ಅಂತ ಮುಚ್ಚಳದ ಹಿಂದೆ ಅಥವಾ ಗಾಡಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಸಿಗರೇಟ್ ಲೈಟರ್ ಗುರುತು ಇರುವುದು ನಿಮ್ಮ ಸಾಕೆಟ್‌ನದು. ಕೀ ತೆಗೆದು, ಆ ಫ್ಯೂಸ್ ಎಳೆದು, ಬೆಳಕಿಗೆ ಹಿಡಿದು ನೋಡಿ. ಒಳಗಿನ ಬೆಳ್ಳಿ ತಂತಿ ನಡುವೆ ತುಂಡಾಗಿ ಕಪ್ಪಾಗಿದ್ದರೆ ಅದೇ ಕಳ್ಳ. 10 ಆಂಪ್‌ನದು ಕೆಂಪು, 15ರದು ನೀಲಿ, 20ರದು ಹಳದಿ. ಯಾವ ಬಣ್ಣ ತೆಗೆದಿರೋ ಅದೇ ಬಣ್ಣ ಹಾಕಿ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ಹಳದಿ ಹಾಕಿಕೊಂಡು ಬರುವವರು ನನ್ನ ಅಂಗಡಿಗೆ ವಾರಕ್ಕೊಬ್ಬರು ಬರುತ್ತಾರೆ. ತಾಮ್ರದ ಎಳೆ ಸುತ್ತಿದವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡ್ ಒಳಗಿನ ತೆಳು ವೈರ್ ಸುಡುತ್ತದೆ. ಕೈ ಮುಗಿದು ಹೇಳುತ್ತೇನೆ, ಯಾರೂ ಹಾಗೆ ಮಾಡಬೇಡಿ.

ನೆಬ್ಯುಲೈಜರ್ ವಿಷಯ: ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿಯುವ ಸಣ್ಣ ನೆಬ್ಯುಲೈಜರ್‌ಗಳು ಬರುತ್ತವೆ. ಫೋನಿನ ಹಾಗೆ ಚಾರ್ಜ್ ಮಾಡಿ ಇಟ್ಟುಕೊಳ್ಳಬಹುದು. ಆದರೆ ಮಗುವಿಗೆ ಅದು ಸರಿಯಾ, ಯಾವ ಔಷಧ ಅದರಲ್ಲಿ ಹಾಕಬಹುದು ಅನ್ನುವುದನ್ನು ಡಾಕ್ಟರನ್ನೇ ಕೇಳಿ. ಅದು ನನ್ನ ಕೆಲಸ ಅಲ್ಲ.

ಈಗ ದನಿ. ಹೊರಗೆ ಹಾಕಿಸಿದ ಸ್ಟೀರಿಯೊ ಅಂದಿರಿ. ಅದರ ಡಬ್ಬಿಯಲ್ಲಿ ಉದ್ದ ವೈರ್ ಇರುವ ಒಂದು ಸಣ್ಣ ಮೈಕ್ ಬಂದಿತ್ತಾ? ಬೆರಳಿನ ತುದಿಯಷ್ಟು ಕಪ್ಪು ಮೈಕ್, ಒಂದು ಕ್ಲಿಪ್. ಬಹಳ ಜನ ಫಿಟ್ಟರ್‌ಗಳು ಅದನ್ನು ಹಾಕುವುದೇ ಇಲ್ಲ. ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಬಿಚ್ಚಿ ವೈರ್ ಎಳೆಯಬೇಕು, ಅರ್ಧ ಗಂಟೆ ಹಿಡಿಯುತ್ತದೆ. ಹಾಗಾಗಿ ಸ್ಟೀರಿಯೊ ಮುಖದಲ್ಲಿರುವ ಸೂಜಿ ತೂತಿನಂಥ ಮೈಕ್‌ನಲ್ಲೇ ನಡೆಯುತ್ತಿರುತ್ತದೆ. ಅದು ನಿಮ್ಮ ಬಾಯಿಂದ ದೂರ, ಎಸಿ ಗಾಳಿಗೆ ಹತ್ತಿರ. ಅವ್ವನಿಗೆ ಕೇಳಿಸುತ್ತಿರುವುದು ಎಸಿ ಗಾಳಿ, ನೀವಲ್ಲ. ಒಂದು ಪರೀಕ್ಷೆ ಮಾಡಿ: ಗಾಡಿ ನಿಂತಿರುವಾಗ ಎಸಿ ಬಂದ್ ಮಾಡಿ, ಕಿಟಕಿ ಏರಿಸಿ ಮಾತಾಡಿ. ಆಗ ದನಿ ಚೆನ್ನಾಗಿ ಹೋದರೆ ಮೈಕ್ ಇರುವ ಜಾಗದ್ದೇ ತಪ್ಪು.

---

ಜೇವರ್ಗಿ ಲೈನ್, ಯಾದಗಿರಿ

ಅಕ್ಕೋರೆ, ನಾನು ಬಾಡಿಗೆ ಗಾಡಿ ಓಡಿಸುತ್ತೇನೆ. ಹೈದರಾಬಾದ್, ಕಲಬುರಗಿ, ರಾಯಚೂರು, ಎಲ್ಲಾ ಕಡೆ.

ಹೆಸರಿನ ವಿಷಯ ಮೊದಲು ಹೇಳುತ್ತೇನೆ. ನಮ್ಮ ಭಾಗದವರ ಫೋನಿನಲ್ಲಿ ಶರಣು, ಶರಣಪ್ಪ, ಶರಣಬಸಪ್ಪ ಹತ್ತು ಜನ ಇರುತ್ತಾರೆ. ಮನುಷ್ಯರಿಗೇ ಗೊಂದಲ, ಮಷೀನಿಗೆ ಹೇಗೆ ತಿಳಿಯಬೇಕು? ನಾನು ಎಲ್ಲರಿಗೂ ಎರಡನೇ ಪದ ಸೇರಿಸಿದ್ದೇನೆ. ಶರಣು ಡೈರಿ, ಶರಣು ಟೈರ್, ಶರಣಪ್ಪ ಸುರಪುರ. ಒಂದು ಭಾನುವಾರ ಕೂತು ಮಾಡಿದೆ. ಫೋನಿನ ಗೂಗಲ್ ಅಸಿಸ್ಟೆಂಟ್ ಭಾಷೆ ಕನ್ನಡಕ್ಕೆ ಇಟ್ಟು, ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದೆ. ಈಗ "ಶರಣು ಟೈರ್‌ಗೆ ಫೋನ್ ಮಾಡು" ಅಂದರೆ ಸರಿಯಾಗಿ ಹೋಗುತ್ತದೆ. ನೆಟ್‌ವರ್ಕ್ ಕಡಿಮೆ ಇರುವ ಕಡೆ ತಡ ಮಾಡುತ್ತದೆ, ಆಗ ಬಿಟ್ಟುಬಿಡಿ, ಮತ್ತೆ ಮತ್ತೆ ಕೂಗಬೇಡಿ.

ಸ್ಟೀರಿಯೊದ ಯುಎಸ್‌ಬಿಯಲ್ಲಿ ಫೋನ್ ಚಾರ್ಜ್ ಆಗುತ್ತದೆ ಅಂತ ನಂಬಬೇಡಿ. ಅದು ಹಾಡಿಗೆ ಇರುವ ತೂತು, ಬಹಳ ಸ್ಟೀರಿಯೊಗಳಲ್ಲಿ ಅರ್ಧ ಆಂಪ್ ಅಷ್ಟೇ. ಮ್ಯಾಪ್ ಹಾಕಿಕೊಂಡು ಹೊರಟರೆ ಚಾರ್ಜ್ ಏರುವ ಬದಲು ಇಳಿಯುತ್ತದೆ. ಸಾಕೆಟ್ ಸರಿಯಾದ ಮೇಲೆ 20 ವ್ಯಾಟ್ ಮೇಲಿನ ಒಂದು ಒಳ್ಳೆ ಚಾರ್ಜರ್ ಹಾಕಿ.

ಇನ್ನೊಂದು, ನಮ್ಮ ಬೇಸಿಗೆ. ಗಾಜಿನ ಕೆಳಗೆ ಸ್ಟ್ಯಾಂಡ್ ಅಂಟಿಸಿ ಫೋನ್ ಇಟ್ಟರೆ ಮೇ ತಿಂಗಳಲ್ಲಿ ಅರ್ಧ ಗಂಟೆಗೆ ಕಾದ ಹೆಂಚಾಗುತ್ತದೆ. ಚಾರ್ಜ್ ತಾನೇ ನಿಲ್ಲುತ್ತದೆ, ಸ್ಕ್ರೀನ್ ಮಂಕಾಗುತ್ತದೆ. ಚಾರ್ಜರ್ ಹಾಳಾಯಿತು ಅಂತ ನಾನು ಎರಡು ಬದಲಿಸಿದೆ, ಸುಮ್ನೆ ದುಡ್ಡು ಹೋಯಿತು. ಎಸಿ ಜಾಲರಿಗೆ ಸಿಕ್ಕಿಸುವ ಕ್ಲಿಪ್ ತಂದ ಮೇಲೆ ಫೋನ್ ತಣ್ಣಗೆ ಇರುತ್ತದೆ.

ಕಾನೂನು ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೇ ಬರುತ್ತದೆ. ಮೊದಲ ಸಲಕ್ಕೆ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಜೈಲೂ ಆಗಬಹುದು. 2020ರ ಅಕ್ಟೋಬರ್‌ನಿಂದ ದಾರಿ ನೋಡುವುದಕ್ಕೆ ಮಾತ್ರ ಫೋನ್ ಬಳಸಬಹುದು, ಅದೂ ಗಮನ ಕೆಡದ ಹಾಗೆ.

ಆದರೆ ಅಕ್ಕೋರೆ, ಬ್ಲೂಟೂತ್ ಇದ್ದರೂ ಒಂದು ಮಾತು ಹೇಳಲೇಬೇಕು. ನಾಲ್ಕು ವರ್ಷದ ಹಿಂದೆ, ಕತ್ತಲಾಗುವ ಹೊತ್ತು, ಜೇವರ್ಗಿ ದಾಟಿ ಶಹಾಪುರದ ಕಡೆ ಬರುತ್ತಿದ್ದೆ. ಎರಡೂ ಕೈ ಸ್ಟೀರಿಂಗ್ ಮೇಲೆ. ತಮ್ಮನ ಜೊತೆ ಹೊಲದ ಪಾಲಿನ ಮಾತು ನಡೆದಿತ್ತು, ದನಿ ಏರಿತ್ತು. ಮುಂದೆ ತೊಗರಿ ಕಟ್ಟಿಗೆ ಹೇರಿದ ಎತ್ತಿನ ಗಾಡಿ. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ನನ್ನ ಕಣ್ಣು ರಸ್ತೆ ಮೇಲೇ ಇತ್ತು, ಆದರೂ ಕಾಣಲಿಲ್ಲ. ಬ್ರೇಕ್ ಒತ್ತಿ ನಿಂತಾಗ ಕಟ್ಟಿಗೆ ತುದಿ ಗಾಜಿಗೆ ಒಂದು ಗೇಣು ದೂರ. ಗಾಡಿ ಮೇಲೆ ಒಬ್ಬ ಮುದುಕ, ಪಕ್ಕದಲ್ಲಿ ಮೊಮ್ಮಗ. ಅವತ್ತಿನಿಂದ ಯಾರ ಫೋನ್ ಬಂದರೂ "ಗಾಡಿ ಮೇಲಿದ್ದೀನಿ, ನಿಲ್ಲಿಸಿ ಮಾಡ್ತೀನಿ" ಅಂತಷ್ಟೇ ಹೇಳಿ ಇಡುತ್ತೇನೆ. ಅವ್ವನಿಗೂ ಅಷ್ಟೇ ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

---

ನೌಬಾದ್ ಅಕ್ಕ, ಬೀದರ್

ಸಾಕೆಟ್ ಮಾತು ಬಂತಲ್ಲ, ನಂದೂ ಒಂದು ಕೇಳಿಬಿಡುತ್ತೇನೆ. ಕಾರನ್ನು ಮನೆ ಮುಂದೆ ಬಿಟ್ಟು ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಸಾಕೆಟ್‌ನಲ್ಲಿ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ, ಹಾಗೇ ಇತ್ತು. ಅದರಿಂದ ಬ್ಯಾಟರಿ ಇಳಿಯುತ್ತದಾ ಕಾಕಾ? ಅಷ್ಟು ಸಣ್ಣ ಸಾಮಾನು?

---

ವೈರಿಂಗ್ ಕಾಕಾ, ಕಲಬುರಗಿ

ಇಳಿಯುತ್ತದೆ ತಂಗಿ. ಕೆಲವು ಗಾಡಿಗಳಲ್ಲಿ ಕೀ ತೆಗೆದರೆ ಸಾಕೆಟ್ ಬಂದ್ ಆಗುತ್ತದೆ, ಕೆಲವದರಲ್ಲಿ ಆಗುವುದಿಲ್ಲ. ಕ್ಯಾಮೆರಾ 0.3 ಆಂಪ್ ಎಳೆದರೂ ನಾಲ್ಕು ದಿನಕ್ಕೆ, ಅಂದರೆ 96 ಗಂಟೆಗೆ, ಸುಮಾರು 29 ಆಂಪ್ ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿ ಪೂರ್ತಿ ತುಂಬಿದರೂ 35 ಇರುತ್ತದೆ. ಸ್ಟಾರ್ಟರ್‌ಗೆ ಏನು ಉಳಿಯಿತು? ಕೀ ತೆಗೆದ ಮೇಲೆ ಚಾರ್ಜರ್ ದೀಪ ಉರಿಯುತ್ತಾ ನೋಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಉರಿಯುತ್ತಿದ್ದರೆ ಊರಿಗೆ ಹೋಗುವಾಗ ಕಿತ್ತಿಟ್ಟು ಹೋಗಿ.

---

ಸೇಡಂ ರಸ್ತೆ ಟೀಚರ್, ಕಲಬುರಗಿ

ಕಾಕಾ, ಜೇವರ್ಗಿ ಲೈನ್ ಅಣ್ಣಾ, ನಿಮಗೆ ಹೇಗೆ ಹೇಳಲಿ. ನಿನ್ನೆ ಭಾನುವಾರ ಎಲ್ಲಾ ಮಾಡಿದೆ.

ಮುಚ್ಚಳ ಮೊಣಕಾಲಿನ ಹತ್ತಿರವೇ ಇತ್ತು. ಎರಡು ಗಟ್ಟಿ ಗುಂಡಿ, ಎಳೆದರೆ ಬಂತು. ಟಾರ್ಚ್ ಹಿಡಿಯಲು ಮಗ ಕೂತಿದ್ದ. ಕೆಂಪು ಫ್ಯೂಸ್, ಮೇಲೆ 10 ಅಂತ ಬರೆದಿತ್ತು. ಬೆಳಕಿಗೆ ಹಿಡಿದರೆ ತಂತಿ ನಡುವೆ ತುಂಡು, ಎರಡೂ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಗುಂಡು. ಮಗನೇ ಮೊದಲು ನೋಡಿದ. ಸೂಪರ್ ಮಾರ್ಕೆಟ್ ಹತ್ತಿರದ ಬಿಡಿಭಾಗದ ಅಂಗಡಿಯಲ್ಲಿ ನಾಲ್ಕು ಕೆಂಪು ತಂದೆ. ಒಂದು ಹಾಕಿದೆ, ಮೂರು ಗಾಡಿಯಲ್ಲೇ ಇವೆ. ಸಾಕೆಟ್ ಹತ್ತಿತು. ನೆಬ್ಯುಲೈಜರ್ ತಳ ನೋಡಿದೆ, 150 ಅಂತಲೇ ಇದೆ. ಇನ್ವರ್ಟರನ್ನು ಗಾಡಿಯಿಂದ ತೆಗೆದು ಮನೆಯಲ್ಲಿಟ್ಟಿದ್ದೇನೆ.

ಆಮೇಲೆ ಸ್ಟೀರಿಯೊ ಡಬ್ಬಿ ಹುಡುಕಿದೆ. ಅಟ್ಟದ ಮೇಲಿತ್ತು. ಕಾಕಾ ಹೇಳಿದ ಮೈಕ್ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಹಾಗೇ ಇತ್ತು, ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ. ಒಂದು ವರ್ಷ ಅವ್ವ "ಏನಂದಿ?" ಅಂದಿದ್ದೆಲ್ಲ ನೆನಪಾಗಿ ಹೊಟ್ಟೆ ಉರಿಯಿತು. ಇವತ್ತು ಶಾಲೆ ಬಿಟ್ಟ ಮೇಲೆ ಬೇರೆ ಮೆಕ್ಯಾನಿಕ್ ಹತ್ತಿರ ಹಾಕಿಸಿದೆ. ಸ್ಟೀರಿಂಗ್ ಎದುರು, ಗಾಜಿನ ಪಕ್ಕದ ಕಂಬದ ಮೇಲೆ, ಎಸಿ ಗಾಳಿ ಬೀಳದ ಜಾಗ. ಸೆಟ್ಟಿಂಗ್‌ನಲ್ಲಿ ಹೊರಗಿನ ಮೈಕ್ ಅಂತ ಆರಿಸಬೇಕಿತ್ತು, ಅದನ್ನೂ ಅವರೇ ಮಾಡಿದರು. ಹೆಸರು ಕರೆದರೂ ಈಗ ಮೊದಲ ಸಲಕ್ಕೇ ಹಿಡಿಯುತ್ತದೆ. ಅವ್ವನಿಗೆ ಕೇಳದಿದ್ದುದಕ್ಕೂ, ಹೆಸರು ತಪ್ಪಾಗುತ್ತಿದ್ದುದಕ್ಕೂ ಕಾರಣ ಆ ಮೈಕ್ ಒಂದೇ ಆಗಿತ್ತು. ಶರಣುಗಳಿಗೆಲ್ಲ ಎರಡನೇ ಪದ ಹಾಕುವುದು ಅರ್ಧ ಆಗಿದೆ.

ಸಂಜೆ ಕಲಬುರಗಿ ಒಳಗೆ ಬರುವಾಗ ಅವ್ವನ ಫೋನ್ ಬಂತು. "ಗಾಡಿ ಮೇಲಿದ್ದೀನಿ ಅವ್ವ" ಅಂದೆ. ಮನೆ ಕಡೆ ತಿರುಗಲು ಇಂಡಿಕೇಟರ್ ಹಾಕಿದ್ದೆ. ಆ ಕಡೆಯಿಂದ, "ಏನದು ಟಿಕ್ ಟಿಕ್ ಅನ್ನಾಕತ್ತದ? ತಿರುಗಸ್ಲಿಕತ್ತೀ ಏನು? ಇಡು, ಇಡು, ಮನೀಗಿ ಹೋಗಿ ಮಾಡು" ಅಂದಳು. ಅಷ್ಟು ಸ್ಪಷ್ಟ ಕೇಳಿದೆ ಅವಳಿಗೆ.

ಶನಿವಾರ ಮಗನ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ಬ್ಯಾಟರಿ ನೆಬ್ಯುಲೈಜರ್ ಬಗ್ಗೆ ಅವರು ಏನು ಹೇಳುತ್ತಾರೆ ಅಂತ ಬಂದು ಇಲ್ಲೇ ಬರೆಯುತ್ತೇನೆ.